ಮೀಟರಿಗೆ ಸಿಗದ ಜುಮ್

ನನ್ನ ಕೆಲಸ ಏನೆಂಬುದನ್ನು ತುಮಕೂರಿನ ಅಂಚಿನ ಮರಳೂರಿನ ನಮ್ಮ ಬೀದಿಯವರಿಗೆ ಬಿಡಿಸಿ ಹೇಳಲು ನನ್ನಿಂದ ಇವತ್ತಿಗೂ ಆಗಿಲ್ಲ. ಆಸ್ಪತ್ರೆಗೆ ಹೋಗುತ್ತೇನೆ ಎಂದರೆ ನರ್ಸ್ ಅಂದುಕೊಳ್ಳುತ್ತಾರೆ. ನರ್ಸ್ ಅಲ್ಲ, ಕರೆಂಟಿಗೆ ಸಂಬಂಧಪಟ್ಟ ಕೆಲಸ ಎಂದರೆ ಎದುರು ಮನೆಯಾಕೆ ಕೆಟ್ಟುಹೋದ ಮಿಕ್ಸಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಾಳೆ. ಒಂದೆರಡು ಸಲ ರಿಪೇರಿಯನ್ನೂ ಮಾಡಿಕೊಟ್ಟೆ. ಈಗ ಯಾರಾದರೂ ಕೇಳಿದರೆ ಸುಮ್ಮನೆ ತಲೆಯಾಡಿಸಿ ಸ್ಕೂಟರ್ ಸ್ಟಾರ್ಟ್ ಮಾಡುತ್ತೇನೆ.

ಕೆಲಸ ಇಷ್ಟೇ. ಬಸುರಿಯ ಹೊಟ್ಟೆಯ ಮೇಲೆ ಜೆಲ್ ಸವರಿ ಡಾಕ್ಟರು ಒಂದು ಹಿಡಿಯನ್ನು ಆಡಿಸುತ್ತಾರಲ್ಲ, ಅದಕ್ಕೆ ನಾವು ಪ್ರೋಬ್ ಎನ್ನುತ್ತೇವೆ. ಅದರೊಳಗೆ ಕರೆಂಟು ಓಡಾಡುತ್ತದೆ. ಆ ಕರೆಂಟು ಒಳಗೇ ಇದೆಯೋ, ಹೊರಗೆ ಸೋರುತ್ತಿದೆಯೋ ನೋಡುವುದು ನನ್ನ ಕೆಲಸ. ಒಂದು ಟ್ರೇಗೆ ನೀರು ಹಾಕಿ ಉಪ್ಪು ಕದಡುತ್ತೇನೆ. ಪ್ರೋಬಿನ ಮುಖವನ್ನು ಅದರ ಮೈಮೇಲಿರುವ ಗೆರೆಯವರೆಗೆ ಮುಳುಗಿಸುತ್ತೇನೆ. ಪ್ರೋಬಿನ ವೈರಿನ ಇನ್ನೊಂದು ತುದಿ ನನ್ನ ಮೀಟರಿಗೆ. ಪ್ರೋಬಿನ ಹೊದಿಕೆ ಗಟ್ಟಿಯಾಗಿದ್ದರೆ ಮೀಟರಿನಲ್ಲಿ ಹಸಿರು ದೀಪ. ಎಲ್ಲೋ ಕೂದಲೆಳೆಯಷ್ಟು ಬಿರುಕಿದ್ದರೂ ಉಪ್ಪುನೀರು ಅದನ್ನು ಪತ್ತೆ ಮಾಡಿ ಒಳಗೆ ನುಗ್ಗುತ್ತದೆ, ಆಗ ಕೆಂಪು ದೀಪ. ಕೆಂಪು ಬಂದ ಪ್ರೋಬನ್ನು ಯಾರ ಮೈಗೂ ಮುಟ್ಟಿಸುವಂತಿಲ್ಲ.

ತುಮಕೂರು, ಗುಬ್ಬಿ, ಕುಣಿಗಲ್ ಈ ಮೂರೂ ಕಡೆಯ ನರ್ಸಿಂಗ್ ಹೋಮುಗಳಿಗೆ ನಾನು ಹೋಗುತ್ತೇನೆ. ಬ್ಯಾಗಿನಲ್ಲಿ ಮೀಟರ್ ಜೊತೆಗೆ ಕಲ್ಲುಪ್ಪಿನ ಪೊಟ್ಟಣ ಇರುತ್ತದೆ. ಗುಬ್ಬಿಯ ನರ್ಸಿಂಗ್ ಹೋಮಿನ ನರ್ಸಮ್ಮನಿಗಂತೂ ನನ್ನನ್ನು ಕಂಡರೆ ತಮಾಷೆ. "ಬಂದ್ರು ನೋಡಿ ಮೇಡಂ, ಉಪ್ಪಿನಕಾಯಿ ಹಾಕೋರು" ಎಂದು ಒಳಗಿದ್ದ ಡಾಕ್ಟರಮ್ಮನಿಗೆ ಕೇಳಿಸುವಂತೆ ಕೂಗುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ, "ಮಾವಿನಕಾಯಿ ನೀವು ತಂದಿಟ್ಟಿರ್ಬೇಕಿತ್ತು" ಎನ್ನುತ್ತಿದ್ದೆ. ಹೀಗೆ ನಡೆದುಕೊಂಡು ಬಂದಿತ್ತು.

ನನ್ನ ತಂಗಿಯನ್ನು ಗುಬ್ಬಿ ಕಡೆಯ ಹಾಗಲವಾಡಿಗೆ ಕೊಟ್ಟಿದೆ. ಅವಳಿಗೆ ಮೊದಲ ಮಗು ತುಮಕೂರಿನ ಒಂದು ಆಸ್ಪತ್ರೆಯಲ್ಲಿ ಹುಟ್ಟುವ ಮೊದಲೇ ಹೋಯಿತು. ಅದಾದ ಮೇಲೆ ತುಮಕೂರಿನ ಆಸ್ಪತ್ರೆ ಎಂದರೆ ಅವಳು ಮುಖ ತಿರುಗಿಸುತ್ತಿದ್ದಳು. ನಮ್ಮ ಮನೆಗೆ ಬಂದರೂ ಆ ಆಸ್ಪತ್ರೆಯಿರುವ ರಸ್ತೆಯಲ್ಲಿ ಆಟೋ ಹೋಗಕೂಡದು, ಸುತ್ತು ಹಾಕಿಕೊಂಡು ಬರಬೇಕು. ವರ್ಷಗಳ ಮೇಲೆ ಮತ್ತೆ ಬಸುರಾದಾಗ ಗುಬ್ಬಿಯಲ್ಲೇ ತೋರಿಸುತ್ತೇನೆ ಎಂದಳು. ನನಗೂ ಸರಿ ಅನ್ನಿಸಿತು. ಡಾಕ್ಟರಮ್ಮ ಸಮಾಧಾನದ ಹೆಂಗಸು, ಮೆಷಿನ್ನನ್ನು ನೋಡಿಕೊಳ್ಳುವವಳು ನಾನು, ಇನ್ನೇನು ಬೇಕು ಎಂದುಕೊಂಡೆ.

ಏಳು ತುಂಬಿದ ಮೇಲೆ ಒಂದು ದಿನ ಸ್ಕ್ಯಾನ್ ಮುಗಿಸಿ ಊರಿಗೆ ಹೋದವಳು ಫೋನ್ ಮಾಡಿದಳು.

"ಅಕ್ಕಾ, ಆ ಮೆಷಿನ್ ಜುಮ್ ಅಂತು ಕಣೇ."

"ಎಲ್ಲಿ ಜುಮ್ ಅಂತು?"

"ಹೊಟ್ಟೆ ಮೇಲೆ, ಪಕ್ಕಕ್ಕೆ. ಇರುವೆ ಕಚ್ಚಿದಂಗೆ. ಅದಾದ ಮ್ಯಾಕೆ ಮಗು ಸುಮ್ಗಾಗ್ಬುಡ್ತು."

ಮಗು ಆಮೇಲೆ ಆಡಿತಾ ಎಂದು ಕೇಳಿದೆ. ಆಡಿತು, ಆದರೆ ಮೊದಲಿನಂತಲ್ಲ ಎಂದಳು. ಜೆಲ್ ತಣ್ಣಗಿರುತ್ತೆ, ಅದಕ್ಕೇ ಹಾಗನ್ನಿಸಿರಬೇಕು ಎಂದೆ. ತಣ್ಣಗಿದ್ದರೆ ಇರುವೆ ಕಚ್ಚುತ್ತದಾ ಎಂದಳು. ನಾಳೆ ಹೋಗಿ ನೋಡುತ್ತೇನೆ ಎಂದು ಫೋನಿಟ್ಟೆ.

ಮಾರನೆಯ ದಿನ ಗುಬ್ಬಿಗೆ ಹೋಗಿ ಉಪ್ಪು ಕದಡಿದೆ. ಆ ಪ್ರೋಬಿನ ಕತ್ತಿಗೆ ಕೆಲವು ತಿಂಗಳಿಂದ ಅರಿಶಿನ ದಾರ ಕಟ್ಟಿತ್ತು, ಸಣ್ಣದೊಂದು ಅರಿಶಿನ ಕೊಂಬಿನ ಸಮೇತ. ಆಯುಧಪೂಜೆಯಲ್ಲಿ ಕಟ್ಟಿರುತ್ತಾರೆ ಎಂದು ನಾನು ಅದರ ಗೊಡವೆಗೆ ಹೋಗಿರಲಿಲ್ಲ. ನಮ್ಮ ಕಡೆ ಬಿಪಿ ನೋಡುವ ಮೆಷಿನ್ನಿಗೂ ಕುಂಕುಮ ಇರುತ್ತದೆ, ಆಂಬುಲೆನ್ಸಿಗೆ ನಿಂಬೆಹಣ್ಣು ಇರುತ್ತದೆ, ಇದರಲ್ಲೇನು ಹೊಸದು? ದೇವರ ದಾರ ಉಪ್ಪುನೀರಿಗೆ ಬೀಳಬಾರದೆಂದು ನರ್ಸಮ್ಮ ತಾವೇ ಪ್ರೋಬನ್ನು ಹಿಡಿದುಕೊಂಡು, ದಾರ ನೆನೆಯದ ಹಾಗೆ ಮೆಲ್ಲಗೆ ಇಳಿಸುವುದು ರೂಢಿಯಾಗಿತ್ತು. ಅವತ್ತೂ ಹಾಗೇ ಇಳಿಸಿದರು. ಹಸಿರು ದೀಪ ಬಂತು.

ಡಾಕ್ಟರಮ್ಮ ನಿಟ್ಟುಸಿರು ಬಿಟ್ಟರು. ಬೇರೆ ಯಾರಾದರೂ ಹೀಗೆ ಹೇಳಿದ್ದಾರಾ ಎಂದು ಕೇಳಿದೆ.

"ಒಂದಿಬ್ರು ಚುರ್ ಅಂತು ಅಂದ್ರು ರೀ. ಆದ್ರೆ ಎಲ್ರಿಗೂ ಅಲ್ಲ. ನಂಗಂತೂ ಯಾವತ್ತೂ ಏನೂ ಆಗಿಲ್ಲ."

"ನೀವು ಗ್ಲೌಸ್ ಹಾಕ್ಕೊಂಡಿರ್ತೀರಲ್ಲ ಮೇಡಂ?"

"ಹೌದಲ್ವಾ" ಎಂದು ಅವರು ತಮ್ಮ ಕೈಯನ್ನೇ ನೋಡಿಕೊಂಡರು.

ಅಲ್ಲಿಂದ ನನ್ನ ತಲೆ ಕೆಡಲು ಶುರುವಾಯಿತು. ಒಬ್ಬರಿಗೆ ಚುರ್ ಎನ್ನುತ್ತದೆ, ಇನ್ನೊಬ್ಬರಿಗೆ ಇಲ್ಲ. ಮೀಟರಿಗೆ ಏನೂ ಸಿಗುವುದಿಲ್ಲ. ಮಂಚದ ಕಬ್ಬಿಣದಿಂದ ಬರುತ್ತಿದೆಯೇನೋ ಎಂದು ಮಂಚ ನೋಡಿದೆ, ಸರಿಯಾಗಿತ್ತು. ಗೋಡೆಯ ಪ್ಲಗ್ಗಿನ ಅರ್ತಿಂಗ್ ನೋಡಿದೆ, ಅದೂ ಸರಿ. ನಾನೇ ಮಂಚದ ಮೇಲೆ ಮಲಗಿ, ಸೀರೆ ಸರಿಸಿ, ಜೆಲ್ ಹಾಕಿಸಿಕೊಂಡು ಡಾಕ್ಟರಮ್ಮನ ಕೈಯಲ್ಲಿ ಪ್ರೋಬ್ ಆಡಿಸಿಕೊಂಡೆ. ಏನೂ ಆಗಲಿಲ್ಲ. ನರ್ಸಮ್ಮ ಮಾತ್ರ ಸೀರೆಯ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ನನಗೆ ಆ ನಗು ಕಂಡು ಮೈ ಉರಿಯಿತು.

ಸಂಜೆಯ ಬಸ್ಸಿಗೆ ಹಾಗಲವಾಡಿಗೆ ಹೋದೆ. ಎಲ್ಲ ನೋಡಿದ್ದೇನೆ, ಮೆಷಿನ್ ಸರಿಯಿದೆ ಎಂದು ತಂಗಿಗೆ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ನಂಗೆ ಸುಳ್ಳೇಳಕ್ಕೆ ಬರಲ್ಲ ಕಣೇ. ಜುಮ್ ಅಂತು ಅಂದ್ರೆ ಅಂತು."

"ಮೀಟರ್ ಇಟ್ಟು ನೋಡ್ದೆ ಕಣೇ, ಹಸಿರು ಬಂತು."

"ನಿನ್ನ ಮೀಟರ್‌ಗೆ ಹೊಟ್ಟೆ ಐತಾ?"

ಅವಳು ಮತ್ತೆ ಆ ಮಂಚ ಹತ್ತುವುದಿಲ್ಲ ಎಂದಳು. ಆ ಮಂಚ ಮಾತ್ರವಲ್ಲ, ಯಾವ ಸ್ಕ್ಯಾನ್ ಮಂಚವನ್ನೂ ಹತ್ತುವುದಿಲ್ಲ. ಮೊದಲನೆಯದನ್ನೂ ದಿನಕ್ಕೊಂದು ಸಲ ಮೆಷಿನ್ ಇಟ್ಟು ನೋಡಿ ನೋಡಿಯೇ ಕಳೆದರು ಎಂಬುದು ಅವಳ ನಂಬಿಕೆ. ನನಗೆ ಸಿಟ್ಟು ಬಂದು ಬೈದೆ, ಆಮೇಲೆ ಅಳು ಬಂತು, ಅವರೆಕಾಯಿ ಸುಲಿಯಲು ಕೂತೆ.

ಆಮೇಲೆ ಡಾಕ್ಟರಮ್ಮ ನನಗೇ ಫೋನ್ ಮಾಡಿದರು. ತಂಗಿ ಬರೀ ಕೈಯಲ್ಲಿ ಪರೀಕ್ಷೆ ಮಾಡಿಸಿಕೊಂಡು ಹೋಗಿದ್ದಾಳೆ, ತಿಂಗಳಿಗೆ ತಕ್ಕಂತೆ ಹೊಟ್ಟೆ ಬೆಳೆದಿಲ್ಲ, ಮಗುವಿನ ಬೆಳವಣಿಗೆ ನಿಂತಿರಬಹುದು, ಸ್ಕ್ಯಾನ್ ಮಾಡದೆ ಏನೂ ಹೇಳಲಾಗದು, ತಡ ಮಾಡಿದರೆ ಕಷ್ಟ ಎಂದರು. ಸ್ಕ್ಯಾನ್ ಎಂದ ಕೂಡಲೇ ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟಳಂತೆ.

ಅತ್ತ ದರಿ ಇತ್ತ ಪುಲಿ ಎನ್ನುವುದನ್ನು ಶಾಲೆಯಲ್ಲಿ ಓದಿದ್ದೆ, ಅರ್ಥವಾದದ್ದು ಆಗ. ಮೆಷಿನ್ ಸರಿಯಿದೆ ಎಂದರೆ ಅವಳ ಮೈಗೆ ಆದದ್ದನ್ನು ನಾನೇ ಸುಳ್ಳು ಎಂದ ಹಾಗೆ. ಸರಿಯಿಲ್ಲ ಎನ್ನಲು ನನ್ನ ಬಳಿ ಒಂದು ಕೆಂಪು ದೀಪವೂ ಇಲ್ಲ. ಮತ್ತೊಂದು ಸಲ ಹೋಗಿ ಪರೀಕ್ಷೆ ಮಾಡಿದೆ. ಮತ್ತೆ ಹಸಿರು. ನನ್ನ ಮೀಟರಿನ ಮೇಲೇ ಅನುಮಾನ ಬಂದು, ತುಮಕೂರಿನಲ್ಲಿ ಬಿರುಕಿದೆ ಎಂದು ಮೂಲೆಗೆ ಹಾಕಿದ್ದ ಹಳೆಯ ಪ್ರೋಬಿಗೆ ಅದನ್ನು ಸಿಕ್ಕಿಸಿ ನೋಡಿದೆ. ಕೆಂಪು ಸರಿಯಾಗಿಯೇ ಬಂತು. ಹಾಗಾದರೆ ಕೆಟ್ಟಿರುವುದು ಯಾವುದು? ನನ್ನ ತಂಗಿಯೇ? ಹಾಗೆ ಯೋಚಿಸಿದ್ದಕ್ಕೆ ನನಗೇ ಅಸಹ್ಯವಾಯಿತು.

ಮನೆಯಲ್ಲಿ ಅಮ್ಮ ಮುದ್ದೆ ತಿರುವುತ್ತಿದ್ದಳು. ಅವಳು ನನ್ನ ಜೊತೆಯಲ್ಲೇ ಇರುತ್ತಾಳೆ. ತಂಗಿಯ ಸ್ಕ್ಯಾನಿಗೆಲ್ಲ ಜೊತೆಗೆ ಹೋಗುತ್ತಿದ್ದವಳು ಅವಳೇ. ನಾನು ಒಲೆಯ ಪಕ್ಕ ನಿಂತು, ಆ ಪ್ರೋಬ್ ನನ್ನ ಮಾನ ಕಳೆಯುತ್ತಿದೆ ಎಂದು ಗೊಣಗುತ್ತಿದ್ದೆ.

"ಅದ್ರಿಂದ ಏನೂ ಆಗಲ್ಲ ಬುಡು. ನಾನೇ ಬೆಟ್ಟದಿಂದ ತಂದು ದಾರ ಕಟ್ಟಿಲ್ವಾ ಅದಕ್ಕೆ?" ಎಂದಳು.

"ಯಾವ್ದಕ್ಕೆ?"

"ಅದೇ, ಹೊಟ್ಟೆ ಮೇಲೆ ಆಡಿಸ್ತಾರಲ್ಲ, ಅದಕ್ಕೆ. ಮಗೀನ ಮೊದ್ಲು ನೋಡೋದು ಅದೇ ತಾನೆ? ಅದ್ರ ದೃಷ್ಟಿ ಚೆನ್ನಾಗಿರ್ಲಿ ಅಂತ ದೇವರಾಯನದುರ್ಗದಲ್ಲಿ ಪೂಜೆ ಮಾಡ್ಸಿ ತಂದೆ. ನೀನು ಹೋದಾಗೆಲ್ಲ ನೋಡಿರ್ತೀಯಲ್ಲ, ಕುರುಡೀನಾ?"

ನಾನು ಅಲ್ಲೇ ಫೋನ್ ತೆಗೆದು ಗುಬ್ಬಿಗೆ ಹಚ್ಚಿದೆ. ನರ್ಸಮ್ಮ ಎತ್ತಿದರು. ಆ ದಾರ ನಿಮ್ಮ ಆಸ್ಪತ್ರೆಯದಲ್ಲವೇ ಎಂದು ಕೇಳಿದೆ.

"ಅಯ್ಯೋ, ನಿಮ್ಮ ಅಮ್ಮಾವ್ರೇ ಕಟ್ಟಿದ್ದು! ಬೇರೆಯವ್ರಾಗಿದ್ರೆ ಬಿಡ್ತಿದ್ನಾ? ಇಂಜಿನಿಯರ್ ತಾಯಿ, ನಿಮ್ಗೆ ಹೇಳೇ ಕಟ್ಟಿರ್ತಾರೆ ಅಂದ್ಕೊಂಡೆ. ನೀವೂ ಏನೂ ಅನ್ಲಿಲ್ಲ. ಅದಕ್ಕೇ ನೆನೀದಂಗೆ ಹಿಡ್ಕೊಳ್ತಿದ್ದೆ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಆಸ್ಪತ್ರೆಯ ದಾರ ಎಂದು ನಾನು ಮರ್ಯಾದೆ ಕೊಟ್ಟೆ, ನನ್ನ ಮನೆಯ ದಾರ ಎಂದು ಆಸ್ಪತ್ರೆಯವರು ಮರ್ಯಾದೆ ಕೊಟ್ಟರು, ದೇವರದು ಎಂದು ಎಲ್ಲರೂ ಸೇರಿ ಕೊಟ್ಟೆವು. ಆ ದಾರ ಇದ್ದದ್ದು ಗೆರೆಗಿಂತ ಕೆಳಗೆ. ಅಂದರೆ ಮುಳುಗಬೇಕಾದ ಭಾಗದ ಮೇಲಂಚು ಒಂದು ದಿನವೂ ನೀರು ಕಂಡಿರಲಿಲ್ಲ.

ಕತ್ತರಿ ತೆಗೆದುಕೊಂಡು ಹೊರಟೆ. ಅಮ್ಮ ಅಡ್ಡ ನಿಂತಳು. ಹರಕೆಯ ದಾರಕ್ಕೆ ಕತ್ತರಿ ಹಾಕಿದರೆ ಮಗಳ ಬಸಿರಿಗೆ ಕತ್ತರಿ ಹಾಕಿದ ಹಾಗೆ ಎಂದಳು. ನಾನು ಎಷ್ಟು ಕೂಗಾಡಿದರೂ ಜಗ್ಗಲಿಲ್ಲ. ಕೊನೆಗೆ, "ನಾನೇ ಬಂದು ಬಿಚ್ತೀನಿ, ನೀನು ಮುಟ್ಬೇಡ" ಎಂದು ಸೀರೆ ಬದಲಾಯಿಸಿ ಸ್ಕೂಟರಿನ ಹಿಂದೆ ಹತ್ತಿ ಕೂತಳು.

ಸ್ಕ್ಯಾನ್ ಕೋಣೆಯಲ್ಲಿ ಅವಳು ಪ್ರೋಬನ್ನು ಮಡಿಲಲ್ಲಿಟ್ಟುಕೊಂಡು ಗಂಟು ಬಿಡಿಸಲು ಕೂತಳು. ಜೆಲ್ ಹೀರಿ ಹೀರಿ ಗಂಟು ಬಿಗಿದು ಕಲ್ಲಾಗಿತ್ತು. ಉಗುರಿನಿಂದ ಕೆದಕಿದಳು, ಹಲ್ಲಿನಿಂದ ಎಳೆದಳು. ಡಾಕ್ಟರಮ್ಮ, ನರ್ಸಮ್ಮ, ನಾನು ಮೂವರೂ ಸುತ್ತ ನಿಂತು ನೋಡುತ್ತಿದ್ದೆವು. ಹೊರಗೆ ಬೆಂಚಿನಲ್ಲಿ ಬಸುರಿಯರು ಕಾಯುತ್ತಿದ್ದರು. ಕಡೆಗೂ ಬಿಚ್ಚಿತು. ಅಮ್ಮ ದಾರವನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡಳು.

ದಾರವಿದ್ದ ಜಾಗದಲ್ಲಿ ಪ್ರೋಬಿನ ಎರಡು ಹೋಳುಗಳು ಕೂಡುವ ಕೀಲು ಇತ್ತು. ಅರಿಶಿನದ ಕಲೆಯ ನಡುವೆ ಅದು ಸ್ವಲ್ಪ ಬಾಯಿ ಬಿಟ್ಟಂತೆ ಕಂಡಿತು. ಉಪ್ಪುನೀರಿನಲ್ಲಿ ಈ ಸಲ ಗೆರೆಯವರೆಗೂ ಮುಳುಗಿಸಿದೆ. ಕೆಂಪು ದೀಪ ಬಂತು. ಒರೆಸಿ, ಒಣಗಿಸಿ, ಮತ್ತೆ ಮುಳುಗಿಸಿದೆ, ಮತ್ತೆ ಕೆಂಪು. ಡಾಕ್ಟರಮ್ಮ ಹೊಟ್ಟೆಯ ಪಕ್ಕಕ್ಕೆ ಪ್ರೋಬನ್ನು ಓರೆಯಾಗಿ ಒತ್ತಿದಾಗ, ಜೆಲ್ ಜಾಸ್ತಿ ಇದ್ದರೆ ದಾರ ಪೂರ್ತಿ ನೆನೆದು ಮೈಗೆ ತಾಗುತ್ತಿತ್ತು. ನನ್ನ ಚಪ್ಪಟೆ ಹೊಟ್ಟೆಯ ಮೇಲೆ ಓರೆ ಮಾಡುವ ಅಗತ್ಯವೇ ಬಿದ್ದಿರಲಿಲ್ಲ. ಅದಕ್ಕೇ ಕೆಲವರಿಗೆ ಚುರ್, ಕೆಲವರಿಗೆ ಇಲ್ಲ.

"ನನ್ನ ಗಂಟಿಂದಾನೇ ಒಡೀತಾ?" ಎಂದು ಅಮ್ಮ ಕೇಳಿದಳು.

ನನಗೆ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಕೀಲು ಮೊದಲೇ ಬಿಟ್ಟಿತ್ತೋ, ನೆನೆದ ದಾರ ಜೆಲ್ಲನ್ನು ಒಳಗೆ ಎಳೆದು ಎಳೆದು ಬಿಡಿಸಿತೋ, ಅಥವಾ ಇನ್ನೂ ಅಗಲವಾಗಿ ಬಿಡಬೇಕಿದ್ದ ಕೀಲನ್ನು ಆ ಗಂಟೇ ಹಿಡಿದಿಟ್ಟಿತ್ತೋ. ಪ್ರೋಬ್ ಕೆಳಗೆ ಬಿದ್ದೇ ಇಲ್ಲ ಎಂದು ನರ್ಸಮ್ಮ ಆಣೆಯಿಟ್ಟರು. ನಾನು ಅಮ್ಮನಿಗೆ ಇಲ್ಲ ಎಂದೆ. ಸುಳ್ಳೋ ನಿಜವೋ ತಿಳಿಯದೆ ಹೇಳಿದ ಮಾತು ಅದು.

ಪ್ರೋಬನ್ನು ಕಟ್ಟಿ ಬದಿಗಿಟ್ಟೆ. ಇನ್ನೊಂದು ಕಡೆಯಿಂದ ಸುಮ್ಮನೆ ಎರವಲು ತರುವ ಹಾಗಿಲ್ಲ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಕದ್ದು ನೋಡುವುದನ್ನು ತಡೆಯಲು ಕಾನೂನಿದೆ, ಸ್ಕ್ಯಾನಿಂಗ್ ಸಾಮಾನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗಬೇಕಾದರೆ ಸರ್ಕಾರದ ಅಪ್ಪಣೆ ಬೇಕು. ಬೆಂಚಿನಲ್ಲಿದ್ದ ಹೆಂಗಸರು ನಮ್ಮನ್ನೆಲ್ಲ ಬೈದುಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದರು.

ಇನ್ನು ತಂಗಿಗೆ ಏನು ಹೇಳುವುದು? ಹೇಳಲೇಬೇಡ ಎಂದಳು ಅಮ್ಮ. ಮೆಷಿನ್ ಕೆಟ್ಟಿತ್ತು ಎಂದರೆ ಮಗುವಿಗೆ ಶಾಕ್ ಹೊಡೆದಿದೆ ಎಂದೇ ಹಿಡಿದುಕೊಳ್ಳುತ್ತಾಳೆ, ಇನ್ನೆಲ್ಲಿಯ ಸ್ಕ್ಯಾನ್? ಅದೂ ನಿಜ. ಸೋರಿದ್ದು ಅತಿ ಸಣ್ಣ ಕರೆಂಟು, ಚರ್ಮ ದಾಟಿ ಮಗುವಿನವರೆಗೆ ಹೋಗಲಾರದು ಎಂದು ನನ್ನ ಓದು ಹೇಳುತ್ತದೆ. ಆದರೆ ಓದನ್ನೇ ನಂಬಿ ತಾನೇ ನಾನು ಅವಳ ಮುಂದೆ ಹಸಿರು ಹಸಿರು ಎಂದದ್ದು? ಹಾಗಲವಾಡಿಯ ಬಸ್ಸಿನಲ್ಲಿ ಹತ್ತು ಥರದ ಮಾತು ಹೊಂದಿಸಿಕೊಂಡೆ. ಇಳಿಯುವ ಹೊತ್ತಿಗೆ ಒಂದೂ ನೆನಪಿರಲಿಲ್ಲ.

ಅವಳು ಜಗಲಿಯಲ್ಲಿ ಕೂತಿದ್ದಳು. ನಾನು ನಿಂತಲ್ಲೇ ಹೇಳಿಬಿಟ್ಟೆ.

"ನೀನು ಹೇಳಿದ್ದೇ ಸರಿ ಕಣೇ. ಅದು ಸೋರ್ತಿತ್ತು. ನಾನು ಪೂರ್ತಿ ನೋಡಿರ್ಲಿಲ್ಲ."

ಅಮ್ಮನ ದಾರದ ವಿಷಯವನ್ನೂ ಹೇಳಿದೆ. ಅಳುತ್ತಾಳೆ, ರೇಗುತ್ತಾಳೆ ಎಂದು ಕಾದೆ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಮಗೀಗೆ ಏನಾರ ಆಗಿರ್ಬೋದಾ?" ಎಂದಳು.

"ಆಗಿರಲ್ಲ ಅನ್ಸುತ್ತೆ. ಆದ್ರೆ ಹೊಟ್ಟೆ ಬೆಳ್ದಿಲ್ಲ ಅಂತಾರೆ ಡಾಕ್ಟ್ರು. ನೋಡ್ದೆ ಗೊತ್ತಾಗಲ್ಲ."

"ಎಲ್ಲಿ ನೋಡ್ಸನ?"

ಇಷ್ಟೇ. ಇಷ್ಟು ದಿನ ನಾನು ಬೈದು, ಅತ್ತು, ಗೋಗರೆದು ಆಗದೇ ಇದ್ದದ್ದು ಹೀಗೆ ಆಗಿಹೋಯಿತು. ಯಾಕೆಂದು ನನಗೆ ಸರಿಯಾಗಿ ಅರ್ಥವಾಗಲಿಲ್ಲ, ಕೇಳಲು ಧೈರ್ಯವೂ ಬರಲಿಲ್ಲ. ತುಮಕೂರು ಬೇಡ ಎಂದಳು. ಹಾಗಾದರೆ ಕುಣಿಗಲ್ ಎಂದೆ. ಅವಳ ಗಂಡ ಮಾರನೆಯ ಬೆಳಿಗ್ಗೆಗೆ ಕಾರು ಗೊತ್ತುಮಾಡಿದ.

ಕುಣಿಗಲ್ಲಿನ ಡಾಕ್ಟರಿಗೆ ಮೊದಲೇ ಫೋನ್ ಮಾಡಿ ಒಪ್ಪಿಸಿದ್ದೆ. ತಂಗಿಯ ಕಣ್ಣೆದುರಿಗೇ ಟ್ರೇ ಇಟ್ಟು, ಉಪ್ಪು ಕದಡಿ, ಅಲ್ಲಿಯ ಪ್ರೋಬನ್ನು ಗೆರೆಯವರೆಗೂ ಮುಳುಗಿಸಿದೆ. ಹಸಿರು ಬಂತು. ಅವಳು ದೀಪ ನೋಡಲೇ ಇಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ತಾನಾಗಿ ಮಂಚ ಹತ್ತಿ ಮಲಗಿದಳು.

ಪ್ರೋಬ್ ಹೊಟ್ಟೆಯ ಮೇಲೆ ಆಡತೊಡಗಿತು. ಒಂದು ಪಕ್ಕ, ಇನ್ನೊಂದು ಪಕ್ಕ. ಅವಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಅಕ್ಕಾ, ಏನೂ ಆಯ್ತಿಲ್ಲ ಕಣೇ."

"ಏನೂ ಆಗ್ಬಾರ್ದು ಕಣೇ, ಅದೇ ಸರಿ."

"ಇಲ್ಲ ಕಣೇ, ಏನೂ ಗೊತ್ತಾಯ್ತಿಲ್ಲ. ಮಗು ಐತಾ?" ಎಂದು ಅಳಲು ಶುರುಮಾಡಿದಳು. ಜುಮ್ ಎಂದರೂ ಹೆದರಿಕೆ, ಎನ್ನದಿದ್ದರೂ ಹೆದರಿಕೆ. ಡಾಕ್ಟರು ಒಂದು ಗುಂಡಿ ಒತ್ತಿದರು. ಕೋಣೆಯ ತುಂಬ ದಡಬಡ ದಡಬಡ ಎಂದು ಎದೆಬಡಿತ ಕೇಳಿತು.

ಆಮೇಲೆ ಡಾಕ್ಟರು ಹೇಳಿದರು: ಮಗು ಸಣ್ಣದಿದೆ, ಸುತ್ತಲಿನ ನೀರು ಕಮ್ಮಿಯಾಗಿದೆ, ಇಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ, ಇವತ್ತೇ ತುಮಕೂರಿಗೆ ಸೇರಿಸಿ. ನಾನು ತಂಗಿಯ ಮುಖ ನೋಡಿದೆ. ಅವಳು ಹೊಟ್ಟೆಯ ಜೆಲ್ಲನ್ನು ತಾನೇ ಒರೆಸಿಕೊಂಡು ಎದ್ದು ಕೂತಳು.

"ನಾನು ನಿನ್ನ ಮಾತು ನಂಬಿದ್ದಿದ್ರೆ ಮೊದ್ಲೇ ಸ್ಕ್ಯಾನ್ ಆಗಿ ಇದು ಮೊದ್ಲೇ ಗೊತ್ತಾಗ್ತಿತ್ತು, ಅಲ್ವಾ?"

"ಹೂಂ."

"ಆದ್ರೆ ನಿನ್ನ ಮಾತೇ ತಪ್ಪಿತ್ತು."

"ಹೂಂ."

"ಹಂಗಾರೆ ನಾನು ಏನ್ ಮಾಡ್ಬೇಕಾಗಿತ್ತು?"

ಗೊತ್ತಿಲ್ಲ ಎಂದೆ. ಅವಳು ಚಪ್ಪಲಿ ಹುಡುಕಿ ಹಾಕಿಕೊಂಡು ಕಾರಿನ ಕಡೆ ನಡೆದಳು. ಹೆಬ್ಬೂರು ದಾಟುವಾಗ ಯಾವ ಆಸ್ಪತ್ರೆ ಎಂದು ಕೇಳಿದಳು. ಹೇಳಿದೆ. ಅದು ಅವಳು ಸುತ್ತು ಹಾಕಿಕೊಂಡು ತಪ್ಪಿಸುತ್ತಿದ್ದ ರಸ್ತೆಯಲ್ಲೇ ಇತ್ತು. ಸುತ್ತು ಬೇಡ, ಸೀದಾ ಹೋಗು ಎಂದು ಡ್ರೈವರಿಗೆ ಅವಳೇ ಹೇಳಿದಳು.

ಸಂಜೆಯೇ ಆಪರೇಷನ್ ಆಯಿತು. ಹೆಣ್ಣುಮಗು. ಒಂದು ಅಂಗೈ, ಅರ್ಧ ಮೊಳಕೈ ಇದ್ದರೆ ಸಾಕು ಹಿಡಿಯಲು, ಅಷ್ಟು ಸಣ್ಣದು. ಬದುಕುತ್ತದೆ, ಆದರೆ ಕೆಲವು ದಿನ ಕಾಯಬೇಕು ಎಂದರು. ಬಿಸಿ ಪೆಟ್ಟಿಗೆಯಲ್ಲಿ ಮಲಗಿಸಿ, ಎದೆಗೆ ಕಾಲಿಗೆ ವೈರು ಅಂಟಿಸಿದರು. ತಂಗಿಗೆ ನಡೆಯಲು ಬಿಟ್ಟ ದಿನ ನಾನೇ ಕೈಹಿಡಿದು ಅಲ್ಲಿಗೆ ಕರೆದುಕೊಂಡು ಹೋದೆ. ಅವಳು ಮಗುವನ್ನು ನೋಡುವ ಮೊದಲು ವೈರುಗಳನ್ನು ನೋಡಿದಳು. ಒಂದೊಂದೂ ಯಾವ ಮೆಷಿನ್ನಿಗೆ ಹೋಗುತ್ತದೆ ಎಂದು ಕಣ್ಣಿನಲ್ಲೇ ಹಿಂಬಾಲಿಸಿದಳು.

"ಇವನ್ನೆಲ್ಲ ನೀನು ನೋಡಿದ್ದೀಯಾ? ಪೂರ್ತಿ?"

ಆ ಆಸ್ಪತ್ರೆ ನನ್ನ ಪಾಲಿಗೆ ಬರುವುದಿಲ್ಲ. ಅಲ್ಲಿ ಒಂದು ಪ್ಲಗ್ ಮುಟ್ಟಲೂ ನನಗೆ ಹಕ್ಕಿಲ್ಲ. ನೋಡುವವರು ಇರುತ್ತಾರೆ, ಚೆನ್ನಾಗಿಯೇ ನೋಡಿರುತ್ತಾರೆ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು.

"ಇಲ್ಲ. ನಾನು ನೋಡಿಲ್ಲ" ಎಂದೆ.

ಅವಳು ತಲೆಯಾಡಿಸಿದಳು. ಹೊಲಿಗೆಯ ನೋವಿಗೆ ಹಲ್ಲು ಕಚ್ಚಿಕೊಂಡು ಗೋಡೆಯ ಪಕ್ಕದ ಸ್ಟೂಲನ್ನು ಪೆಟ್ಟಿಗೆಯ ಹತ್ತಿರಕ್ಕೆ ಎಳೆದುಕೊಂಡಳು.

"ಹಂಗಾರೆ ನಾನು ನೋಡ್ಕೊಂಡು ಕೂತಿರ್ತೀನಿ ಬುಡು" ಎಂದು ಕೂತಳು.